ಇಪ್ಪತ್ತೇಳು ಎಲೆ, ಮೂರು ಪ್ರಶ್ನೆ

ಒಂದು ಕಟ್ಟು ಇಸ್ಪೀಟು ಎಲೆ ತೆಗೆದುಕೊಳ್ಳಿ. ಅದರಲ್ಲಿ ಯಾವುದಾದರೂ 27 ಎಲೆಗಳನ್ನು ಎಣಿಸಿಕೊಂಡು ಉಳಿದವನ್ನು ಪಕ್ಕಕ್ಕಿಡಿ. ಅವುಗಳನ್ನು ಗೆಳೆಯರೊಬ್ಬರಿಗೆ ತೋರಿಸಿ, ಒಂದು ಎಲೆಯನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಲು ಹೇಳಿ. 1ರಿಂದ 27ರವರೆಗಿನ ಒಂದು ಸಂಖ್ಯೆಯನ್ನೂ ಅವರೇ ಹೇಳಲಿ. 20 ಎಂದರೆನ್ನಿ. 'ನಿಮ್ಮ ಎಲೆ 20ನೆಯದಾಗಿ ಬರುತ್ತದೆ' ಎಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ. ಭವಿಷ್ಯ ನಿಜವಾಗುತ್ತದೆ. ಇದಕ್ಕೆ ಕೈಚಳಕ ಬೇಡ. ಗಣಿತವೇ ಕೆಲಸ ಮಾಡುತ್ತದೆ.

ಈ ಆಟವನ್ನು ನಾನು ರೋಣ, ನರಗುಂದ, ಗಜೇಂದ್ರಗಡ ಭಾಗದ ಶಾಲೆಗಳಲ್ಲಿ ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಮಳೆ ಕೈಕೊಟ್ಟ ಒಂದು ವರ್ಷ, ನರಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಮಕ್ಕಳ ಹಿಂದೆ ನಿಂತು ನೋಡುತ್ತಿದ್ದ ಹಿರಿಯ ರೈತರೊಬ್ಬರು ಕೇಳಿದರು: "ಸರ, ಎಲಿ ಹೇಳಿದ್ರಿ, ಖರೆ ಆತು. ಹಂಗ ಮಳಿ ಯಾವಾಗ ಅಕ್ಕೈತಿ ಅದನ್ನೂ ಹೇಳ್ರಲಾ?" ಅವರು ತಮಾಷೆ ಮಾಡುತ್ತಿರಲಿಲ್ಲ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈಗ ನಿಮ್ಮೆದುರು ಅದನ್ನು ಪೂರ್ಣಗೊಳಿಸಲು ಯತ್ನಿಸುತ್ತೇನೆ.

ಮೊದಲು ಆಟದ ಇತಿಹಾಸ. ಎಲೆಗಳನ್ನು ಗುಂಪು ಮಾಡಿ ಮನಸ್ಸಿನಲ್ಲಿರುವ ಎಲೆ ಹುಡುಕುವ ಈ ಬಗೆಯ ಆಟವನ್ನು ಫ್ರಾನ್ಸಿನ ಬಾಷೆ ತನ್ನ ಗಣಿತ ವಿನೋದದ ಪುಸ್ತಕದಲ್ಲಿ ವಿವರಿಸಿದ್ದಾನೆ. ಅದು ಮೊದಲು ಪ್ರಕಟವಾದದ್ದು 1612ರಲ್ಲಿ. ಡಯೋಫಾಂಟಸನ ಗ್ರಂಥವನ್ನು 1621ರಲ್ಲಿ ಲ್ಯಾಟಿನ್ ಅನುವಾದದೊಡನೆ ಹೊರತಂದವನೂ ಈತನೇ. ಫರ್ಮಾ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದದ್ದು ಅದೇ ಗ್ರಂಥದ ಅಂಚಿನಲ್ಲಿ! ಎರಡು ಶತಮಾನಗಳ ಬಳಿಕ, 1813-14ರ ಸುಮಾರಿಗೆ, ಜೆರ್ಗೋನ್ ಎಂಬ ಗಣಿತಜ್ಞ ತಾನೇ ನಡೆಸುತ್ತಿದ್ದ ಗಣಿತ ಪತ್ರಿಕೆಯಲ್ಲಿ ಈ ಆಟದ ಸಾಮಾನ್ಯ ನಿಯಮವನ್ನು ಸಾಧಿಸಿ ತೋರಿಸಿದ.

ಈಗ ಮಾಡಿ ನೋಡಿ. ಕಟ್ಟನ್ನು ಮುಖ ಕೆಳಗಾಗಿ ಹಿಡಿಯಿರಿ. ಮೇಲಿನಿಂದ ಒಂದೊಂದೇ ಎಲೆ ತೆಗೆದು, ಮುಖ ಮೇಲಾಗಿ, ಎಡದಿಂದ ಬಲಕ್ಕೆ ಮೂರು ಗುಂಪುಗಳಲ್ಲಿ ಸರದಿಯಂತೆ ಹಾಕುತ್ತ ಹೋಗಿ. ಗುಂಪಿಗೆ ಒಂಬತ್ತು ಎಲೆಗಳಾಗುತ್ತವೆ. 'ನಿಮ್ಮ ಎಲೆ ಯಾವ ಗುಂಪಿನಲ್ಲಿದೆ?' ಎಂದು ಕೇಳಿ. ಮೂರೂ ಗುಂಪುಗಳನ್ನು ಒಂದರ ಮೇಲೊಂದು ಪೇರಿಸಿ, ಕಟ್ಟನ್ನು ಮಗುಚಿ, ಕಲೆಸದೆ ಮತ್ತೆ ಹಂಚಿ. ಹೀಗೆ ಮೂರು ಸಲ.

ಗುಟ್ಟು ಪೇರಿಸುವುದರಲ್ಲಿದೆ. ಅವರು ಹೇಳಿದ ಸಂಖ್ಯೆಯಿಂದ 1 ಕಳೆಯಿರಿ: 19. ಇದನ್ನು ಒಂಬತ್ತು, ಮೂರು, ಒಂದರ ಸ್ಥಾನಗಳಲ್ಲಿ ಬರೆಯಿರಿ: 19 = 2×9 + 0×3 + 1. ಕೊನೆಯಿಂದ ಓದಿದರೆ 1, 0, 2. ಕಟ್ಟನ್ನು ಮಗುಚಿದಾಗ ಅವರ ಗುಂಪಿನ ಮೇಲೆ ಮೊದಲ ಸಲ 1 ಗುಂಪು, ಎರಡನೆಯ ಸಲ 0, ಮೂರನೆಯ ಸಲ 2 ಗುಂಪು ಇರುವಂತೆ ಜೋಡಿಸಿ. ಅಂದರೆ ಅವರ ಗುಂಪು ಕ್ರಮವಾಗಿ ನಡುವೆ, ಮೇಲೆ, ಕೆಳಗೆ ಬರಬೇಕು. ಕೊನೆಗೆ ಮೇಲಿನಿಂದ ಎಣಿಸಿ. 20ನೆಯದೇ ಅವರ ಎಲೆ!

ಕಾರಣ ಸರಳ. ಎಲೆ ಮೊದಲು ಎಲ್ಲಿತ್ತು ಎಂಬುದರ ಪ್ರಭಾವ ಪ್ರತಿ ಹಂಚಿಕೆಯಲ್ಲೂ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೂರನೆಯ ಸಲಕ್ಕೆ ಅದು ಪೂರ್ತಿ ಅಳಿದು, ನೀವು ಇಟ್ಟ ಮೂರು ಅಂಕಿಗಳಷ್ಟೇ ಉಳಿಯುತ್ತವೆ.

ಇಲ್ಲೊಂದು ಮಾತನ್ನು ಗಮನಿಸಿ. ನಿಮ್ಮ ಗೆಳೆಯರಿಗೆ ಎಲ್ಲ ಆಯ್ಕೆಯೂ ತಮ್ಮದೇ ಎನಿಸುತ್ತದೆ. ಆದರೆ ಅವರು ಮೂರು ಸಲ ಉತ್ತರ ಕೊಟ್ಟರು. ಪ್ರತಿ ಉತ್ತರಕ್ಕೂ ಮೂರು ಸಾಧ್ಯತೆ; 3×3×3 = 27. ಎಲೆ ಯಾವುದೆಂದು ಹೇಳಿದವರು ಅವರೇ! ಹೇಳಿದ್ದೇನೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. ಕಣಿ ಹೇಳುವವರೆದುರು ಕುಳಿತಾಗಲೂ ಇದು ನಡೆಯಬಹುದು. ಮದುವೆಯ ಚಿಂತೆಯೋ, ಸಾಲದ ಚಿಂತೆಯೋ ಎಂಬ ಪ್ರಶ್ನೆಗೆ ನಾವು ತಲೆ ಆಡಿಸಿದರೂ ಅದು ಉತ್ತರವೇ.

ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಇಂಥ ಪರಿಶೀಲನೆಯ ತಿರುಳು ಇಷ್ಟೇ: ಷರತ್ತುಗಳನ್ನು ಪರೀಕ್ಷಿಸುವವರು ಹಾಕಬೇಕು. ಎಲೆಗಳನ್ನು ಪೇರಿಸುವ ಕೆಲಸವನ್ನು ನೋಡುಗರಿಗೇ ಬಿಟ್ಟುಕೊಟ್ಟರೆ ನನ್ನ ಭವಿಷ್ಯವೂ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ನಿಜವಾದ ಮುನ್ನುಡಿ ಯಾವುದು? 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ರೋಣ, ನರಗುಂದ, ಗಜೇಂದ್ರಗಡಗಳೂ ಆ ನೆರಳಿನೊಳಗಿದ್ದವು. ಒಪ್ಪೋಲ್ಜರ್ ಎಂಬ ಖಗೋಳಜ್ಞ 1887ರಲ್ಲಿ ಹೊರಬಂದ ತನ್ನ 8000 ಸೂರ್ಯಗ್ರಹಣಗಳ ಪಟ್ಟಿಯಲ್ಲಿ ಇದನ್ನೂ ಲೆಕ್ಕಹಾಕಿದ್ದ. ಅದಕ್ಕಾಗಿ ಅವನು ನಮ್ಮನ್ನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಲೆಕ್ಕ ತಪ್ಪಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ನಾನಾಗ ರೋಣದಲ್ಲಿ ನಾಲ್ಕನೆಯ ತರಗತಿಯ ಹುಡುಗ. ಕೇಡಾಗುತ್ತದೆಂದು ಮನೆಯವರು ಬಾಗಿಲು ಹಾಕಿ ನಮ್ಮನ್ನು ಒಳಗೆ ಕೂರಿಸಿದ್ದರು. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ತಲೆಯ ಮೇಲಿದ್ದ ಆ ನೋಟವನ್ನು ನಾನು ಕಾಣಲಿಲ್ಲ. ಭೌತವಿಜ್ಞಾನ ಓದಿದ ಮೇಲೂ ಆ ನಷ್ಟ ತುಂಬಿಲ್ಲ.

ಇನ್ನು ಮಳೆ. ನಮ್ಮ ದೇಶದ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟದ್ದು 1886ರಲ್ಲಿ. ಇಂದಿಗೂ ಅದು ಸಂಭವನೀಯತೆಯ ಲೆಕ್ಕದಲ್ಲೇ ಮಾತನಾಡುತ್ತದೆ. ಕೆಲವೊಮ್ಮೆ ತಪ್ಪುತ್ತದೆ, ತಪ್ಪಿದ್ದೂ ದಾಖಲಾಗುತ್ತದೆ. ಆ ರೈತರಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು: "ಯಜಮಾನ್ರ, ಎಲೆ ಯಾವುದೆಂದು ನೀವೇ ನನಗೆ ಹೇಳಿಕೊಟ್ಟಿರಿ. ಮಳೆಯ ವಿಷಯ ಹಾಗೆ ಹೇಳಿಕೊಡುವವರು ಯಾರೂ ಇಲ್ಲ. ಅದನ್ನು ಅಳೆದು ನೋಡಬೇಕು. ತಪ್ಪಿದರೆ ತಪ್ಪಿತೆಂದು ಒಪ್ಪಿ ಮತ್ತೆ ಅಳೆಯಬೇಕು."

ಮುಂದಿನ ಸಲ ನೀವು ಈ ಆಟ ತೋರಿಸಿದಾಗ ಚಪ್ಪಾಳೆ ಬಿದ್ದ ಮೇಲೆ ಎಲೆಗಳನ್ನು ಮಕ್ಕಳ ಕೈಗೇ ಕೊಡಿ. ಗುಟ್ಟನ್ನು ಅವರೇ ಕಂಡುಹಿಡಿಯಲಿ.