ಫೌಂಡ್ರಿ ಚರ್ಚಿನ ಬಾಲ್ಕನಿ

‘ವೆಸ್ಲಿಯನ್’ ಎಂದೊಡನೆ ಕನ್ನಡದ ವಿದ್ಯಾರ್ಥಿಗಳಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯ ನೆನಪಾಗುತ್ತದೆ. ಆ ಹೆಸರಿನ ಮೂಲಪುರುಷ ಜಾನ್ ವೆಸ್ಲಿ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಗೋಡೆ ದಾಟಿ, ಬಯಲಿನಲ್ಲಿ ನಿಂತು ಗಣಿ ಕೆಲಸಗಾರರಿಗೆ ಉಪದೇಶ ಮಾಡಿದವನು. 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದವನು. ಅವನ ಹಾದಿ ಹಿಡಿದವರೇ ಮೆಥಡಿಸ್ಟರು. ಹೊರಗಿನವರನ್ನು ಹುಡುಕಿಕೊಂಡು ಹೋದ ಈ ಪಂಥ ತನ್ನ ಚರ್ಚಿನೊಳಗೆ ಯಾರನ್ನು ಎಲ್ಲಿ ಕೂರಿಸಿತು? ವಾಷಿಂಗ್ಟನ್ ನಗರದ ಫೌಂಡ್ರಿ ಚರ್ಚಿನ ಚರಿತ್ರೆಯನ್ನು ಈ ಪ್ರಶ್ನೆಯಿಟ್ಟುಕೊಂಡೇ ಓದಬೇಕು.

1814ರಲ್ಲಿ ಬ್ರಿಟಿಷ್ ಸೈನ್ಯ ವಾಷಿಂಗ್ಟನ್ನಿಗೆ ಬೆಂಕಿಯಿಟ್ಟಾಗ ಹೆನ್ರಿ ಫಾಕ್ಸಾಲ್ ಎಂಬ ಮೆಥಡಿಸ್ಟನ ಫಿರಂಗಿ ಎರಕದ ಕಾರ್ಖಾನೆ ಉಳಿದುಕೊಂಡಿತು. ಆ ಕೃತಜ್ಞತೆಗೆ ಅವನು ಚರ್ಚು ಕಟ್ಟಿಸಿದನೆಂದು ಸಭೆಯವರು ಹೇಳಿಕೊಂಡು ಬಂದಿದ್ದಾರೆ. ‘ಫೌಂಡ್ರಿ’ ಎಂಬ ಹೆಸರು ಬಂದದ್ದು ಹೀಗೆ.

ಸಭೆಯಲ್ಲಿ ಕರಿಯ ಸದಸ್ಯರೂ ಇದ್ದರು. ಅವರ ಜಾಗ ಮಾತ್ರ ಬಾಲ್ಕನಿ. ನಮ್ಮ ಚಿತ್ರಮಂದಿರಗಳಲ್ಲಿ ಬಾಲ್ಕನಿ ಎಂದರೆ ಹೆಚ್ಚು ಬೆಲೆಯ ಟಿಕೇಟು. ಅಲ್ಲಿ ಅದು ಬೇರೆ ಕೂರಿಸುವ ಉಪಾಯ. 1836ರಲ್ಲಿ ಅವರು ಹೊರನಡೆದು ಆಸ್ಬರಿ ಎಂಬ ತಮ್ಮದೇ ಸಭೆ ಕಟ್ಟಿಕೊಂಡರು. ಅವರನ್ನು ಯಾರೂ ಬಾಗಿಲಲ್ಲಿ ತಡೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳಗೆ ಬಿಟ್ಟುಕೊಳ್ಳುವುದು ಬೇರೆ, ಸಮನಾಗಿ ಕೂರಿಸಿಕೊಳ್ಳುವುದು ಬೇರೆ.

ಈ ಬಾಲ್ಕನಿ ಒಂದು ಕಟ್ಟಡಕ್ಕೆ ಸೀಮಿತವಾಗಿರಲಿಲ್ಲ. 1844ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆದ ಅಮೆರಿಕದ ಮೆಥಡಿಸ್ಟರು 1939ರಲ್ಲಿ ಮತ್ತೆ ಒಂದಾದಾಗ, ಕರಿಯ ಸಭೆಗಳನ್ನು ‘ಸೆಂಟ್ರಲ್ ಜೂರಿಸ್ಡಿಕ್ಷನ್’ ಎಂಬ ಪ್ರತ್ಯೇಕ ವಿಭಾಗಕ್ಕೆ ಸೇರಿಸಿದರು. ಉಳಿದ ವಿಭಾಗಗಳಿಗೆ ಭೂಗೋಳ ಆಧಾರ; ಇದಕ್ಕೆ ಮಾತ್ರ ಬಣ್ಣ. 1968ರಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚು ರೂಪುಗೊಂಡಾಗ ಈ ವ್ಯವಸ್ಥೆ ರಚನೆಯಿಂದ ಮರೆಯಾಯಿತು.

ನಾಲ್ಕೇ ವರ್ಷದಲ್ಲಿ ಹೊಸ ಗೆರೆಯೊಂದು ಬಿತ್ತು. ಸಲಿಂಗಕಾಮ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಮಾತು 1972ರಲ್ಲಿ ನಿಯಮಗ್ರಂಥ ಸೇರಿತು. 1984ರಲ್ಲಿ ಸಲಿಂಗಪ್ರೇಮಿಗಳಿಗೆ ಪಾದ್ರಿ ದೀಕ್ಷೆಯನ್ನೂ ನಿಷೇಧಿಸಲಾಯಿತು. ಅದೇ ವರ್ಷ ಕೆಲವು ಸಭೆಗಳು ‘ರಿಕನ್ಸೈಲಿಂಗ್’ ಎಂಬ ಚಳವಳಿ ಹೂಡಿದವು. ಇವರನ್ನು ನಾವು ಹೆಸರೆತ್ತಿ ಸ್ವಾಗತಿಸುತ್ತೇವೆ ಎಂದು ಸಭೆಯೇ ಬಹಿರಂಗವಾಗಿ ಹೇಳುವುದು ಅದರ ಕ್ರಮ. ‘ಎಲ್ಲರಿಗೂ ಸ್ವಾಗತ’ ಎಂಬ ಫಲಕ ಸುಲಭ. ಬಾಗಿಲಲ್ಲಿ ಅಳುಕುತ್ತ ನಿಂತವರಿಗೆ ಆ ‘ಎಲ್ಲರಲ್ಲಿ’ ತಾವೂ ಇದ್ದೇವೆಯೇ ಎಂಬುದೇ ಅನುಮಾನ. ಹೆಸರು ಹಿಡಿದು ಕರೆಯಬೇಕಾದದ್ದು ಇದಕ್ಕಾಗಿ.

ಫೌಂಡ್ರಿ ಸಭೆ 1995ರಲ್ಲಿ ಈ ಸಾಲಿಗೆ ಸೇರಿತು. 2010ರಲ್ಲಿ ನಗರದ ಕಾನೂನು ಸಲಿಂಗ ವಿವಾಹವನ್ನು ಒಪ್ಪಿದ ಮೇಲೆ, ಪಂಥದ ನಿಷೇಧವಿದ್ದರೂ, ತನ್ನಲ್ಲಿ ಅಂಥ ಮದುವೆಗಳನ್ನು ನಡೆಸಲು ತೀರ್ಮಾನಿಸಿತು. ನಿಯಮ ಮುರಿದ ಪಾದ್ರಿ ವಿಚಾರಣೆ ಎದುರಿಸಬೇಕಾಗಬಹುದಾದ ಕಾಲವದು.

ಪಂಥ ಕೂಡಲೇ ಬದಲಾಗಲಿಲ್ಲ. 2019ರ ವಿಶೇಷ ಮಹಾಸಭೆ 438–384 ಮತಗಳಿಂದ ನಿಷೇಧವನ್ನು ಬಿಗಿಗೊಳಿಸಿತು. ನಂತರದ ವರ್ಷಗಳಲ್ಲಿ ಅಮೆರಿಕದ 7,500ಕ್ಕೂ ಹೆಚ್ಚು ಸಭೆಗಳು ಪಂಥವನ್ನು ಬಿಟ್ಟವು. ಹೆಚ್ಚಿನವು ಸಂಪ್ರದಾಯನಿಷ್ಠ ಸಭೆಗಳು. 2024ರಲ್ಲಿ ಷಾರ್ಲಟ್ ನಗರದ ಮಹಾಸಭೆ ದೀಕ್ಷೆಯ ನಿಷೇಧವನ್ನೂ 1972ರ ಆ ಮಾತನ್ನೂ ತೆಗೆದುಹಾಕಿತು.

ಇದನ್ನು ಗೆಲುವಿನ ಕಥೆಯಾಗಿ ಓದಿ ಮುಗಿಸಬಹುದು. ಆದರೆ ಆಸ್ಬರಿ ಚರ್ಚು ಈಗಲೂ ಅದೇ ನಗರದಲ್ಲಿ, ಅದೇ ಪಂಥದೊಳಗೆ, ಬೇರೆಯಾಗಿಯೇ ಇದೆ. ಬಾಲ್ಕನಿಯಿಂದ ಎದ್ದುಹೋದವರು ಮರಳಿ ಕರೆಯಲೆಂದು ಕಾಯುತ್ತ ಕೂರಲಿಲ್ಲ. ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡರು. ಒಳಗೊಳ್ಳುವಿಕೆಯ ಚರಿತ್ರೆಯನ್ನು ಬಾಗಿಲು ತೆರೆದವರ ಕಡೆಯಿಂದಷ್ಟೇ ಬರೆದರೆ ಆ ಮನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.