ಅಭಿಧಮನಿ ಪೋಷಣೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರ ಪಾತ್ರ

ಅಭಿಧಮನಿ ಪೋಷಣೆಯು ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲಸ ಮಾಡದ ರೋಗಿಗಳಿಗೆ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು, ಲವಣ ಹಾಗೂ ಜೀವಸತ್ವಗಳನ್ನು ನೇರವಾಗಿ ರಕ್ತನಾಳಕ್ಕೆ ನೀಡುವ ಚಿಕಿತ್ಸಾ ವಿಧಾನವಾಗಿದೆ. ಅಮೆರಿಕದ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್ 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ರೂಪಿಸಿದರು.

ವೈದ್ಯರು ಸೂಚಿಸಿದ ಪ್ರಮಾಣವು ರೋಗಿಯ ತೂಕ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಗೆ ತಕ್ಕುದೇ ಎಂಬುದನ್ನು ಕ್ಲಿನಿಕಲ್ ಫಾರ್ಮಸಿಸ್ಟರು ಪರಿಶೀಲಿಸುತ್ತಾರೆ. ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮಿತಿಮೀರಿದರೆ ಹರಳುಗಟ್ಟಿ ಶ್ವಾಸಕೋಶದ ರಕ್ತನಾಳಗಳನ್ನು ಮುಚ್ಚಬಲ್ಲವು. ಕೊಬ್ಬು ಬೆರೆತ ದ್ರಾವಣ ಹಾಲಿನಂತೆ ಬಿಳಿಯಾಗಿರುವುದರಿಂದ ಹರಳುಗಳು ಕಣ್ಣಿಗೆ ಬೀಳುವುದಿಲ್ಲ. ಇಂತಹ ಸಾವುಗಳ ಬಳಿಕ 1994ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಕೆ ನೀಡಿ, ಫಿಲ್ಟರ್ ಬಳಸಲು ಸೂಚಿಸಿತು.

ದೀರ್ಘಕಾಲ ಆಹಾರವಿಲ್ಲದ ರೋಗಿಗೆ ಒಮ್ಮೆಲೇ ಪೂರ್ಣ ಪೋಷಣೆ ನೀಡಿದರೆ ರಕ್ತದ ಫಾಸ್ಫೇಟ್ ಹಾಗೂ ಪೊಟ್ಯಾಸಿಯಂ ಅಪಾಯಕಾರಿಯಾಗಿ ಕುಸಿಯಬಹುದು. ಆದ್ದರಿಂದ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಗಮನಿಸುತ್ತಾ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ಕರುಳು ಚೇತರಿಸಿದಂತೆ ಬಾಯಿಯ ಅಥವಾ ನಳಿಕೆಯ ಮೂಲಕ ಆಹಾರ ನೀಡಲಾಗುತ್ತದೆ.