ಕಡಲನೀರಿನಲ್ಲಿ ಕ್ಲೋರಿನ್‌ಯುಕ್ತ ದ್ರಾವಕಗಳ ಕರಗುವಿಕೆ: ಅಳತೆಯ ಇತಿಹಾಸ

ಡ್ರೈಕ್ಲೀನಿಂಗ್‌ಗೆ ಬಳಸುವ ಪರ್ಕ್ಲೋರೊಎಥಿಲೀನ್, ಯಂತ್ರಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೊಎಥಿಲೀನ್, ಹಿಂದೆ ಬೆಂಕಿ ಆರಿಸಲೂ ಬಳಕೆಯಲ್ಲಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಮೊದಲಾದವು ಕ್ಲೋರಿನ್‌ಯುಕ್ತ ದ್ರಾವಕಗಳು. ಬೇಗನೆ ಆವಿಯಾಗುವ ಇವು ಗಾಳಿಗೂ ಕಡಲಿಗೂ ನಡುವೆ ಹೇಗೆ ಹಂಚಿಕೆಯಾಗುತ್ತವೆ ಎಂಬುದನ್ನು ಹೆನ್ರಿ ಸ್ಥಿರಾಂಕ ಹೇಳುತ್ತದೆ.

ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ಅನಿಲಗಳ ಕರಗುವಿಕೆಯ ನಿಯಮವನ್ನು ಪ್ರಕಟಿಸಿದ. ಉಪ್ಪು ಬೆರೆತ ನೀರಿನಲ್ಲಿ ಅನಿಲ ಕಡಿಮೆ ಕರಗುತ್ತದೆಂಬುದಕ್ಕೆ 1889ರಲ್ಲಿ ಸೂತ್ರ ಕೊಟ್ಟವನು ರಷ್ಯಾದ ಶರೀರಶಾಸ್ತ್ರಜ್ಞ ಇವಾನ್ ಸೆಚೆನೊವ್. ಅವನ ಕುತೂಹಲ ಇದ್ದದ್ದು ರಕ್ತದಲ್ಲಿ ಇಂಗಾಲಾಮ್ಲ ಕರಗುವ ಬಗೆಯ ಮೇಲೆ. ಕಡಲ ರಸಾಯನಶಾಸ್ತ್ರ ಇಂದಿಗೂ ಅದೇ ಸೂತ್ರವನ್ನು ಬಳಸುತ್ತಿದೆ.

ಕಡಲಿನಲ್ಲಿ ಈ ದ್ರಾವಕಗಳಿವೆಯೇ ಎಂಬ ಪ್ರಶ್ನೆ ಎದ್ದದ್ದು ತಡವಾಗಿ. ವಿಜ್ಞಾನಿ ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಎಂಬ ಉಪಕರಣ ಇಂಥ ವಸ್ತುಗಳ ಅತ್ಯಲ್ಪ ಪ್ರಮಾಣವನ್ನೂ ಹಿಡಿಯಬಲ್ಲದಾಗಿತ್ತು. ಅದನ್ನು ಅವರು 1971ರಲ್ಲಿ ಶ್ಯಾಕಲ್‌ಟನ್ ಹಡಗಿನಲ್ಲಿ ಒಯ್ದು, ಅಟ್ಲಾಂಟಿಕ್‌ನ ನೀರು ಮತ್ತು ಗಾಳಿ ಎರಡರಲ್ಲೂ ಕಾರ್ಬನ್ ಟೆಟ್ರಾಕ್ಲೋರೈಡನ್ನು ಗುರುತಿಸಿದರು. ಸಂಶೋಧಕರಾದ ಪಿಯರ್ಸನ್ ಮತ್ತು ಮೆಕ್‌ಕಾನೆಲ್ 1975ರಲ್ಲಿ ಲಿವರ್‌ಪೂಲ್ ಕೊಲ್ಲಿಯ ನೀರಿನಲ್ಲೂ ಜಲಚರಗಳಲ್ಲೂ ಇಂಥ ದ್ರಾವಕಗಳಿರುವುದನ್ನು ವರದಿ ಮಾಡಿದರು.

ಹೆನ್ರಿ ಸ್ಥಿರಾಂಕವನ್ನು ಅಳೆಯುವ ತೊಡಕು ಬೇರೆಯೇ. ಹನಿಯಷ್ಟು ದ್ರಾವಕವನ್ನು ಸೀಸೆಗೆ ಹಾಕುವಷ್ಟರಲ್ಲೇ ಒಂದಿಷ್ಟು ಹಾರಿಹೋಗುತ್ತದೆ. ನೀರಿಗೆ ಎಷ್ಟು ಸೇರಿತೆಂದು ಖಚಿತವಾಗಿ ಹೇಳುವುದು ಕಷ್ಟ. ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಗಾಸೆಟ್ ಮತ್ತು ಸಂಗಡಿಗರು ಬಳಕೆಗೆ ತಂದ ಉಪಾಯ ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಸುಂದರ ಭಾಗ. ಎರಡು ಸೀಸೆಗಳಿಗೆ ದ್ರಾವಕ ಒಂದೇ ಅಳತೆ, ನೀರು ಮಾತ್ರ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಬಿಗಿಯಾಗಿ ಮುಚ್ಚಿ, ಒಂದೇ ಉಷ್ಣತೆಯಲ್ಲಿ ಸಮತೋಲಕ್ಕೆ ಬಿಟ್ಟು, ನೀರಿನ ಮೇಲಿನ ಗಾಳಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಕೊಡುತ್ತಾರೆ. ಎರಡು ಅಳತೆಗಳ ಅನುಪಾತವೊಂದೇ ಸಾಕು, ಸ್ಥಿರಾಂಕ ಸಿಗುತ್ತದೆ. ಹಾಕಿದ ದ್ರಾವಕದ ನಿಜವಾದ ತೂಕ ಗೊತ್ತಿರಬೇಕಿಲ್ಲ. ಗಾಸೆಟ್ 1987ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ, ಸಿಹಿನೀರು 10ರಿಂದ 25 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಟ್ರೈಕ್ಲೋರೊಎಥಿಲೀನ್‌ನ ಸ್ಥಿರಾಂಕ ಎರಡು ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಅಂದರೆ ನೀರು ಬಿಸಿಯಾದಷ್ಟೂ ದ್ರಾವಕ ಗಾಳಿಯತ್ತ ವಾಲುತ್ತದೆ. ಕಡಲ ಉಪ್ಪು ಆ ಸ್ಥಿರಾಂಕವನ್ನು ಇನ್ನೂ ಸುಮಾರು ಕಾಲುಭಾಗದಷ್ಟು ಏರಿಸುತ್ತದೆ.

ಉಷ್ಣತೆ, ಲವಣಾಂಶ ಎರಡನ್ನೂ ಕೂಡಿಸಿ ಅಳೆದ ಕೆಲಸಗಳಲ್ಲಿ ಡೆವುಲ್ಫ್, ವಾನ್ ಲಾಂಗೆನ್‌ಹೋವ್ ಮತ್ತಿತರರು 1995ರಲ್ಲಿ ಪ್ರಕಟಿಸಿದ ಲೇಖನ ಮುಖ್ಯವಾದುದು. ಅದರ ಲಕ್ಷ್ಯ ಕಡಿಮೆ ಉಷ್ಣತೆಯ ನೀರು. ಆದರೆ ಮಂಗಳೂರು, ಕಾರವಾರಗಳ ಕಡಲಿನ ಮೇಲ್ಮೈ ಏಪ್ರಿಲ್–ಮೇ ಹೊತ್ತಿಗೆ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಣ್ಣನೆಯ ಕಡಲಿಗೆಂದು ಬರೆದ ಸಮೀಕರಣವನ್ನು ಇಲ್ಲಿಗೆ ಹಾಗೆಯೇ ಎಳೆದು ತರುವ ಮೊದಲು, ಇಲ್ಲಿನ ನೀರನ್ನೇ ಸೀಸೆಗೆ ತುಂಬಿ 30 ಡಿಗ್ರಿಯಲ್ಲಿ ಅಳೆದು ನೋಡಬೇಕು.